ಪ್ರಾಸ್ಟೇಟ್ ಆಪರೇಶನ್ನಿಗೆ ಮೊದಲು ಹಾರ್ಮೋನ್ ಇಂಜೆಕ್ಷನ್ ಬೇಕಾ? ಅಪ್ಪನ ವಿಷಯ, ಗೊತ್ತಿದ್ದವರು ಹೇಳಿ

ಪೆರ್ಲದ ಅಡಿಕೆ · ಜುಲೈ 14, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಸರ ಮಾಡ್ಬೇಡಿ.

ಅಪ್ಪನಿಗೆ 67. ಒಂದು ವರ್ಷದಿಂದ ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರು. ವಯಸ್ಸಿಗೆ ಆಗುವುದೇ ಅಂತ ನಾವೂ ಸುಮ್ಮನಿದ್ದೆವು. ಮೇ ತಿಂಗಳಲ್ಲಿ ಬದಿಯಡ್ಕದಲ್ಲಿ ಶುಗರ್ ಪರೀಕ್ಷೆಗೆ ರಕ್ತ ಕೊಡುವಾಗ ಪ್ರಾಸ್ಟೇಟಿನ ತೊಂದರೆ ತೋರಿಸುವ ಪಿಎಸ್‌ಎ ಪರೀಕ್ಷೆ ಸಹ ಮಾಡಿಸಿದೆವು, 24 ಬಂತು. ಮಂಗಳೂರಿಗೆ ಕರ್ಕೊಂಡು ಹೋದೆ. ಎಂಆರ್‌ಐ ಆಯಿತು, ಬಯಾಪ್ಸಿ ಆಯಿತು. ಪ್ರಾಸ್ಟೇಟ್ ಕ್ಯಾನ್ಸರೇ ಅಂತಾಯಿತು. ಗ್ಲೀಸನ್, ಅಂದರೆ ಕ್ಯಾನ್ಸರ್ ಎಷ್ಟು ಉಗ್ರ ಅಂತ ಹೇಳುವ ಅಂಕ, 4+4=8. ಗ್ರಂಥಿ 62 ಸಿಸಿ. ಎಂಆರ್‌ಐಯಲ್ಲಿ ಪೈರಾಡ್ಸ್ (ಕ್ಯಾನ್ಸರ್ ಸಂಶಯದ ಅಂಕ) 5, ಬಲಬದಿಯಲ್ಲಿ ಕವಚ ಸ್ವಲ್ಪ ದಾಟಿರಬಹುದು ಅಂತ ಬರೆದಿದ್ದಾರೆ. ಪಿಎಸ್‌ಎಂಎ ಪೆಟ್ ಸ್ಕ್ಯಾನಿನಲ್ಲಿ ಎಲುಬಿನಲ್ಲಾಗಲೀ ಲಿಂಫ್ ಗಂಟುಗಳಲ್ಲಾಗಲೀ ಏನೂ ಕಂಡಿಲ್ಲ. ಅಷ್ಟು ಪುಣ್ಯ.

ಈಗ ಗೊಂದಲ ಎಂತ ಅಂದ್ರೆ, ಮೊದಲು ತೋರಿಸಿದ ಡಾಕ್ಟರು ಬಯಾಪ್ಸಿಯ ಗಾಯ ಮಾಗಲಿ, ಆರು ವಾರದ ಹೊತ್ತಿಗೆ ಆಪರೇಶನ್ ಮಾಡುವ ಅಂದರು. ಇಂಜೆಕ್ಷನ್ ವಿಷಯವೇ ಎತ್ತಲಿಲ್ಲ. ಮಾವನ ಒತ್ತಾಯಕ್ಕೆ ಇನ್ನೊಬ್ಬರ ಹತ್ತಿರ ಹೋದೆವು. ಅವರು ಮೂರು ತಿಂಗಳು ಹಾರ್ಮೋನ್ ತಡೆಯುವ ಇಂಜೆಕ್ಷನ್ ಕೊಡುವ, ಗಡ್ಡೆ ಸಣ್ಣ ಆಗ್ತದೆ, ಆಮೇಲೆ ತೆಗೆಯುವ ಅಂತ ಚೀಟಿ ಬರೆದುಕೊಟ್ಟರು.

ಅಪ್ಪನಿಗೆ ಎರಡನೆಯದೇ ಪಸಂದು. "ಈ ಆಟಿ ಮಳೆಯಲ್ಲಿ ಯಾರು ಹೊಟ್ಟೆ ಕೊಯ್ಸಿಕೊಳ್ತಾರೆ? ಅಡಿಕೆ ತೋಟಕ್ಕೆ ಎರಡನೇ ಮದ್ದು ಬಿಡ್ಲಿಕ್ಕೆ ಬಾಕಿ ಉಂಟು. ನವರಾತ್ರಿ ಕಳೆಯಲಿ" ಅಂತಾರೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜಗಲಿಯ ಗೋಡೆಗೆ ನೇತುಹಾಕಿದ ಪಂಚಾಂಗದೊಳಗೆ ಸಿಕ್ಕಿಸಿಟ್ಟಿದ್ದಾರೆ, ಯಾರಿಗೂ ಕೊಡುವುದಿಲ್ಲ. ಇಬ್ಬರೂ ದೊಡ್ಡ ಡಾಕ್ಟರುಗಳೇ. ಯಾರನ್ನು ನಂಬುವುದು?

ಬಾಯಾರು ಭಾವ · ಜುಲೈ 14, ರಾತ್ರಿ 11.05

ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು ಮಾರಾಯ್ರೆ? ಇಂಜೆಕ್ಷನ್ ತೆಗೊಳ್ಳಿ. ನನ್ನ ದೊಡ್ಡಪ್ಪನಿಗೂ ಇದೇ ರೋಗ. ಮೊದಲು ಇಂಜೆಕ್ಷನ್ ಕೊಟ್ಟು, ಮೂರು ತಿಂಗಳು ಬಿಟ್ಟು ಚಿಕಿತ್ಸೆ ಮಾಡಿದರು. ಹತ್ತು ವರ್ಷ ಆಯಿತು, ಇವತ್ತಿಗೂ ಸೈಕಲ್ ತುಳಿದುಕೊಂಡು ಉಪ್ಪಳಕ್ಕೆ ಹೋಗ್ತಾರೆ. ಗಡ್ಡೆ ಸಣ್ಣ ಆದ ಮೇಲೆ ತೆಗೆಯುವುದು ಸುಲಭವಾ, ದೊಡ್ಡದಿರುವಾಗ ಸುಲಭವಾ? ಇದಕ್ಕೆ ಎಂಬಿಬಿಎಸ್ ಬೇಡ.

ನೀರ್ಚಾಲಿನ ನರ್ಸಕ್ಕ · ಜುಲೈ 15, ಬೆಳಿಗ್ಗೆ 6.20

ಭಾವಾ, ಒಂದು ಕೇಳ್ತೇನೆ. ದೊಡ್ಡಪ್ಪನಿಗೆ ಮೂರು ತಿಂಗಳ ನಂತರ ಮಾಡಿದ್ದು ಆಪರೇಶನ್ನಾ, ಕರೆಂಟಾ (ರೇಡಿಯೇಶನ್)?

ಪೆರ್ಲದವರಿಗೆ: ನಾನು ಕ್ಯಾನ್ಸರ್ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳು. ನಿಮ್ಮ ಅಪ್ಪನಿಗೆ ಯಾವುದು ಸರಿ ಅಂತ ಇಲ್ಲಿಂದ ಹೇಳಲಿಕ್ಕೆ ಬರುವುದಿಲ್ಲ. ಇಂಜೆಕ್ಷನ್ ಅಂದರೆ ಎಂತ ಅಂತ ಮಾತ್ರ ಹೇಳ್ತೇನೆ.

ಪ್ರಾಸ್ಟೇಟ್ ಕ್ಯಾನ್ಸರಿಗೆ ಗಂಡಸಿನ ಹಾರ್ಮೋನು, ಟೆಸ್ಟೋಸ್ಟೆರಾನ್, ಗೊಬ್ಬರ ಇದ್ದ ಹಾಗೆ. ಅದರ ಹೆಚ್ಚಿನ ಪಾಲು ತಯಾರಾಗುವುದು ಬೀಜದಲ್ಲಿ, ಅಂದರೆ ವೃಷಣದಲ್ಲಿ. ಬೀಜಕ್ಕೆ "ಮಾಡು" ಅಂತ ಹೇಳುವುದು ಮಿದುಳಿನ ಬುಡದ ಪಿಟ್ಯೂಟರಿ. ಲ್ಯೂಪ್ರೊಲೈಡ್, ಗೊಸೆರೆಲಿನ್, ಟ್ರಿಪ್ಟೊರೆಲಿನ್ ಇವೆಲ್ಲ ಮನೆಯ ಬೆಲ್ ಒತ್ತಿ ಹಿಡಿದ ಹಾಗೆ. ಮೊದಲು ಒಳಗಿದ್ದವರೆಲ್ಲ ಓಡಿ ಬರುತ್ತಾರೆ, ಬಿಡದೆ ಒತ್ತುತ್ತಲೇ ಇದ್ದರೆ ಆಮೇಲೆ ಯಾರೂ ಬಾಗಿಲಿಗೆ ಬರುವುದಿಲ್ಲ. ಹಾಗಾಗಿ ಮೊದಲ ಒಂದೆರಡು ವಾರ ಹಾರ್ಮೋನು ಇಳಿಯುವ ಬದಲು ಏರುತ್ತದೆ. ಆ ಏರಿಕೆ ತೊಂದರೆ ಮಾಡಬಾರದು ಅಂತ ಬೈಕಲುಟಮೈಡ್ 50 ಮಿಲಿಗ್ರಾಮಿನ ಮಾತ್ರೆಯನ್ನು ಮೊದಲೇ ಸುರುಮಾಡಿ ಕೆಲವು ವಾರ ಕೊಡುತ್ತಾರೆ. ಮೂರು ನಾಲ್ಕು ವಾರದಲ್ಲಿ ಟೆಸ್ಟೋಸ್ಟೆರಾನ್ 50ರ ಕೆಳಗೆ ಬರುತ್ತದೆ, ಬೀಜ ತೆಗೆದವರಲ್ಲಿ ಇರುವಷ್ಟು. ಡೆಗರೆಲಿಕ್ಸ್ ಬೇರೆ ಜಾತಿ. ಅದು ಬೆಲ್ಲಿನ ವಯರನ್ನೇ ಕತ್ತರಿಸುತ್ತದೆ, ಏರಿಕೆ ಇಲ್ಲ, ಮೂರು ದಿನದಲ್ಲಿ ಇಳಿಯುತ್ತದೆ. ಮೊದಲ ದಿನ 120ರ ಎರಡು ಸೂಜಿ, ಆಮೇಲೆ ತಿಂಗಳಿಗೆ 80. ಚುಚ್ಚಿದ ಜಾಗ ಕೆಂಪಾಗಿ ನೋಯುತ್ತದೆ.

ಚೀಟಿಯಲ್ಲಿ ಯಾವುದು ಬರೆದಿದ್ದಾರೆ ನೋಡಿ. ಗೊಸೆರೆಲಿನ್ 10.8 ಅಂತಿದ್ದರೆ ಅದು ಒಂದೇ ಸಲಕ್ಕೆ ಹನ್ನೆರಡು ವಾರದ್ದು. ಹೊಟ್ಟೆಯ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಗುಳಿಗೆ ಕೂರಿಸುತ್ತಾರೆ, ಸೂಜಿ ದಪ್ಪ. ಒಮ್ಮೆ ಒಳಗೆ ಹೋದ ಮೇಲೆ "ಬೇಡವಿತ್ತು" ಅಂತ ಅನಿಸಿದರೆ ಹಿಂದೆ ತೆಗೆಯುವ ಮಾತಿಲ್ಲ. ಆದ್ದರಿಂದ ಮೊದಲೇ ತೀರ್ಮಾನ ಮಾಡಿ.

ಬಾಯಾರು ಭಾವ · ಜುಲೈ 15, ಬೆಳಿಗ್ಗೆ 7.45

ಅತ್ತೆಯ ಹತ್ತಿರ ಕೇಳಿದೆ. ಕರೆಂಟೇ ಅಂತೆ. ಏಳು ವಾರ ದಿನಾ ಹೋಗಿ ಬರುತ್ತಿದ್ದರಂತೆ. ಆದರೂ ಇಂಜೆಕ್ಷನ್ ಇಂಜೆಕ್ಷನ್ನೇ ಅಲ್ಲವಾ?

ಕಲಿಯುವ ಡಾಕ್ಟರ · ಜುಲೈ 15, ಮಧ್ಯಾಹ್ನ 2.10

ಇಲ್ಲಿಯೇ ಎಲ್ಲರೂ ಎಡವುವುದು. ನಾನು ಮೂತ್ರರೋಗ ವಿಭಾಗದಲ್ಲಿ ಕಲಿಯುತ್ತಿರುವವ, ಊರು ಮುಳ್ಳೇರಿಯ. ನನ್ನ ಮಾತನ್ನು ಸಲಹೆ ಅಂತ ತೆಗೆದುಕೊಳ್ಳಬೇಡಿ, ಓದಿದ್ದನ್ನು ಹೇಳುತ್ತಿದ್ದೇನೆ.

ರೇಡಿಯೇಶನ್ನಿಗೆ ಮೊದಲು ಮತ್ತು ಜೊತೆಗೆ ಹಾರ್ಮೋನ್ ತಡೆ ಕೊಟ್ಟರೆ ಲಾಭ ಉಂಟು, ಇದರಲ್ಲಿ ಜಗಳವಿಲ್ಲ. 1997ರಲ್ಲಿ ಬೊಲ್ಲಾ ಮತ್ತು ಸಂಗಡಿಗರು ಯುರೋಪಿನಲ್ಲಿ ಮಾಡಿದ ಪ್ರಯೋಗ ಪ್ರಕಟವಾಯಿತು. ಬರೀ ರೇಡಿಯೇಶನ್ ಪಡೆದವರಲ್ಲಿ ಐದು ವರ್ಷಕ್ಕೆ 62% ಜನ ಬದುಕಿದ್ದರು. ಅದರ ಜೊತೆಗೆ ಮೂರು ವರ್ಷ ಗೊಸೆರೆಲಿನ್ ಪಡೆದವರಲ್ಲಿ 79%. ಕಿರಣ ಬಿದ್ದಾಗ ಕ್ಯಾನ್ಸರ್ ಕೋಶದ ಡಿಎನ್‌ಎ ತುಂಡಾಗುತ್ತದೆ. ಹಾರ್ಮೋನು ಇದ್ದರೆ ಕೋಶ ಆ ತುಂಡನ್ನು ರಿಪೇರಿ ಮಾಡಿಕೊಳ್ಳುತ್ತದೆ, ಇಲ್ಲದಿದ್ದರೆ ರಿಪೇರಿ ಕೆಡುತ್ತದೆ. ಹಾಗಾಗಿ ಎರಡೂ ಸೇರಿ ಕೆಲಸ ಮಾಡುತ್ತವೆ. ದೊಡ್ಡಪ್ಪ ಇವತ್ತಿಗೂ ಸೈಕಲ್ ತುಳಿಯುವುದರಲ್ಲಿ ಇಂಜೆಕ್ಷನ್ನಿಗೂ ಪಾಲಿರಬಹುದು.

ಆಪರೇಶನ್ನಿನ ಕಥೆ ಬೇರೆ. ಇದೇ ಆಸೆಯಿಂದ 1990ರ ದಶಕದಲ್ಲಿ ಅಮೆರಿಕ, ಕೆನಡಾ, ಯುರೋಪುಗಳಲ್ಲಿ ಪ್ರಯೋಗಗಳು ನಡೆದವು. ಅಮೆರಿಕದ ಸೊಲೊವೆ ತಂಡದ್ದು ಎಲ್ಲರೂ ಎತ್ತಿ ಹೇಳುವ ಪ್ರಯೋಗ. ಅರ್ಧ ಜನಕ್ಕೆ ಮೂರು ತಿಂಗಳು ಲ್ಯೂಪ್ರೊಲೈಡ್ ಮತ್ತು ಫ್ಲುಟಮೈಡ್ ಕೊಟ್ಟು ಆಪರೇಶನ್, ಉಳಿದರ್ಧಕ್ಕೆ ನೇರ ಆಪರೇಶನ್. ತೆಗೆದ ಗ್ರಂಥಿಯ ಅಂಚಿನಲ್ಲಿ ಕ್ಯಾನ್ಸರ್ ಸಿಕ್ಕಿದ್ದು (ಅಂದರೆ ಒಳಗೆ ಸ್ವಲ್ಪ ಉಳಿದಿರಬಹುದು) ನೇರ ಆಪರೇಶನ್ ಆದವರಲ್ಲಿ 48%, ಇಂಜೆಕ್ಷನ್ ತೆಗೆದುಕೊಂಡವರಲ್ಲಿ 18%. ನೋಡಿದವರು ಕುಣಿದಾಡುವಷ್ಟು ವ್ಯತ್ಯಾಸ. ಐದು ವರ್ಷದ ಫಲಿತಾಂಶ 2002ರಲ್ಲಿ ಬಂತು. ಪಿಎಸ್‌ಎ ಮತ್ತೆ ಏರದೆ ಉಳಿದವರು ಇಂಜೆಕ್ಷನ್ ಗುಂಪಿನಲ್ಲಿ ಸುಮಾರು 65%, ನೇರ ಗುಂಪಿನಲ್ಲಿ ಸುಮಾರು 68%. ಅಂದರೆ ಸಮಸಮ. ಮೂರು ತಿಂಗಳು ಸಾಲದೇನೋ ಅಂತ ಕೆನಡಾದವರು ಎಂಟು ತಿಂಗಳು ಕೊಟ್ಟು ನೋಡಿದರು. ಅಂಚು ಇನ್ನೂ ಚಂದ ಬಂತು, ರೋಗ ಮರಳುವುದು ಕಡಿಮೆಯಾಗಲಿಲ್ಲ.

ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಇದರಿಂದಲೇ ಆಪರೇಶನ್ನಿಗೆ ಮೊದಲು ಹಾರ್ಮೋನ್ ತಡೆ ಕೊಡಬೇಡಿ ಅಂತ ಖಡಾಖಂಡಿತ ಹೇಳುವುದು. ಎನ್ಜಲುಟಮೈಡ್, ಅಪಲುಟಮೈಡ್, ಅಬಿರಾಟೆರೋನ್ ಅಂತ ಹೊಸ, ಬಲವಾದ ಮದ್ದುಗಳು ಬಂದ ಮೇಲೆ ಆ ಪ್ರಶ್ನೆಯನ್ನು ಪುನಃ ಎತ್ತಿಕೊಂಡಿದ್ದಾರೆ. ಆಪರೇಶನ್ನಿನ ಮೊದಲು ಆರು ತಿಂಗಳು, ನಂತರ ಆರು ತಿಂಗಳು ಅಪಲುಟಮೈಡ್ ಕೊಡುವ ಪ್ರೋಟಿಯಸ್ ಅಂತ ದೊಡ್ಡ ಪ್ರಯೋಗವೇ ಉಂಟು. ಆದರೆ ನಿಮ್ಮ ಪಂಚಾಂಗದೊಳಗಿರುವ ಚೀಟಿ ಆ ಜಾತಿಯದ್ದಲ್ಲ, ಹಳೆಯ ಮೂರು ತಿಂಗಳ ಲೆಕ್ಕ.

ಬಾಯಾರು ಭಾವ · ಜುಲೈ 15, ಸಂಜೆ 6.30

ಅಂಚು ಚೊಕ್ಕ ಬಂದರೂ ರೋಗ ಮರಳುತ್ತದಾ? ತಲೆಗೆ ಹೋಗ್ಲಿಲ್ಲ ಡಾಕ್ಟ್ರೇ. ಬುಡಸಮೇತ ಕಿತ್ತರೆ ಮತ್ತೆ ಹೇಗೆ ಬರುವುದು?

ಕಲಿಯುವ ಡಾಕ್ಟರ · ಜುಲೈ 15, ಸಂಜೆ 7.15

ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಬೇಸಗೆಯಲ್ಲಿ ಕಳೆ ಒಣಗಿ ಮುದುಡಿರುತ್ತದೆ. ಎಲ್ಲಿಯವರೆಗೆ ಹಬ್ಬಿತ್ತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಕಂಡಷ್ಟನ್ನು ಕಿತ್ತು "ಸುತ್ತ ಚೊಕ್ಕ" ಅನ್ನುತ್ತೇವೆ. ಮೊದಲ ಮಳೆಗೆ ಗೊತ್ತಾಗುತ್ತದೆ ಬೇರು ಎಲ್ಲೆಲ್ಲಿ ಇತ್ತು ಅಂತ. ಹಾರ್ಮೋನಿಗೆ ಬಗ್ಗುವ ಕೋಶಗಳು ಸಾಯುತ್ತವೆ, ಮುದುಡುತ್ತವೆ, ಬಗ್ಗದವು ಉಳಿಯುತ್ತವೆ. ಮುದುಡಿದ್ದನ್ನು ಪೆಥಾಲಜಿಯವರು ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದೂ ಕಷ್ಟ. ಮತ್ತೆ ಸ್ಕ್ಯಾನಿಗೆ ಕಾಣದಷ್ಟು ಸಣ್ಣ ಕಣಗಳು ಆಪರೇಶನ್ನಿಗೆ ಮೊದಲೇ ಗ್ರಂಥಿಯಿಂದ ಹೊರಗೆ ಹೋಗಿದ್ದರೆ ಅಂಚು ಎಷ್ಟು ಚೊಕ್ಕ ಆದರೆ ಏನು?

ಗಡ್ಡೆ ಸಣ್ಣ ಆದರೆ ತೆಗೆಯುವುದು ಸುಲಭ ಅನ್ನುವುದೂ ಅರ್ಧ ಸತ್ಯ. ಗ್ರಂಥಿ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ, ನಿಜ. ಆದರೆ ಸುತ್ತಲಿನ ಪದರಗಳು ಅಂಟಿಕೊಂಡು ಬಿಡಿಸಲಿಕ್ಕೆ ಕಷ್ಟ ಕೊಡುತ್ತವೆ ಅಂತ ಹೇಳುವ ಸರ್ಜನ್‌ಗಳನ್ನು ನಾನೇ ನೋಡಿದ್ದೇನೆ. 62 ಸಿಸಿ ಏನೂ ದೈತ್ಯ ಗಾತ್ರವಲ್ಲ.

ಗಡಿ ಮಾಸ್ತರ · ಜುಲೈ 15, ರಾತ್ರಿ 9.50

ನಾನು ಈ ಇಂಜೆಕ್ಷನ್ ತೆಗೆದುಕೊಂಡು ಆಪರೇಶನ್ ಮಾಡಿಸಿಕೊಂಡವನು. ಈಗ 71. ಮಂಜೇಶ್ವರದ ಕಡೆಯ ಶಾಲೆಯಲ್ಲಿ ಮೂವತ್ತೆರಡು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು, ಆದ್ದರಿಂದ ಸ್ವಲ್ಪ ಪಾಠದ ಧಾಟಿ ಬಂದರೆ ಕ್ಷಮಿಸಿ.

ನನ್ನ ಪಿಎಸ್‌ಎ 14, ಗ್ಲೀಸನ್ 4+3. ಮಂಗಳೂರಿನಲ್ಲಿ ಆಪರೇಶನ್ನಿಗೆ 2020ರ ಏಪ್ರಿಲ್ ಮೊದಲ ವಾರಕ್ಕೆ ದಿನ ಕೊಟ್ಟಿದ್ದರು. ಮಾರ್ಚ್ ಕೊನೆಗೆ ಎಂತಾಯಿತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕೊರೋನಾ ಬಂದು ತಲಪಾಡಿಯಲ್ಲಿ ಕೇರಳ ಕರ್ನಾಟಕದ ಗಡಿ ಮುಚ್ಚಿತು. ಒಳದಾರಿಗಳಿಗೂ ಲಾರಿಯಲ್ಲಿ ಮಣ್ಣು ತಂದು ಸುರಿದರು. ನನ್ನ ಮನೆಯಿಂದ ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ, ಆದರೆ ನಡುವೆ ಎದೆಯೆತ್ತರದ ಮಣ್ಣಿನ ರಾಶಿ. ಆ ದಿನಗಳಲ್ಲಿ ದಾರಿ ಸಿಗದೆ ನಮ್ಮ ಜಿಲ್ಲೆಯಲ್ಲಿ ಜನ ಸತ್ತರು. ನನ್ನದು ಇವತ್ತು ನಾಳೆ ಸಾಯುವ ರೋಗವಾಗಿರಲಿಲ್ಲ, ಅದೇ ಸಮಾಧಾನ.

ಡಾಕ್ಟರು ಫೋನಿನಲ್ಲೇ ಹೇಳಿದರು, "ಮಾಸ್ಟ್ರೇ, ದಾರಿ ಯಾವಾಗ ತೆರೀತದೆ ಗೊತ್ತಿಲ್ಲ, ತಿಂಗಳಿಗೊಂದು ಇಂಜೆಕ್ಷನ್ ಹಾಕಿಸಿಕೊಳ್ಳಿ, ರೋಗ ಅಲ್ಲಿಯೇ ನಿಲ್ಲಲಿ." ಆಗ ಬೇರೆ ದೇಶಗಳಲ್ಲೂ ಆಪರೇಶನ್ ಮುಂದೆ ಹಾಕಿದವರಿಗೆ ಹೀಗೆಯೇ ಮಾಡಿದ್ದರಂತೆ. ಪೆಟ್ಟಿಗೆಯ ಮೇಲೆ ಫ್ರಿಜ್ಜಿನಲ್ಲಿಡಿ ಅಂತ ಬರೆದಿತ್ತು. ಕಾಸರಗೋಡಿನಿಂದ ತಂದುಕೊಟ್ಟ ಹುಡುಗ ಅದನ್ನು ಮೀನು ತರುವ ಥರ್ಮೋಕೋಲ್ ಡಬ್ಬಿಯಲ್ಲಿ ಐಸಿನ ನಡುವೆ ಇಟ್ಟು ತಂದಿದ್ದ. ಶುದ್ಧ ಸಸ್ಯಾಹಾರಿ ಮನೆ, ಫ್ರಿಜ್ಜು ತೆರೆದರೆ ಬಂಗುಡೆ ವಾಸನೆ. ಹೆಂಡತಿ ಒಂದು ವಾರ ಅದರಲ್ಲಿ ಮಜ್ಜಿಗೆ ಇಡಲಿಲ್ಲ.

ಐದು ಇಂಜೆಕ್ಷನ್ ಆಯಿತು. ಪಿಎಸ್‌ಎ 14ರಿಂದ 0.6ಕ್ಕೆ ಇಳಿಯಿತು. ನಾನು ಗುಣವಾದೆ ಅಂತಲೇ ನಂಬಿದ್ದೆ, ಆಪರೇಶನ್ ಯಾಕೆ ಅಂತ ಮಗನಿಗೆ ಕೇಳಿದೆ ಕೂಡ. ಅದು ಮೋಸದ ಅಂಕಿ. ಇಂಜೆಕ್ಷನ್ ಇರುವವರೆಗೆ ಪಿಎಸ್‌ಎ ಯಾರಲ್ಲಿಯೂ ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ ಆಪರೇಶನ್ ಆಯಿತು. ವರದಿಯಲ್ಲಿ ಅಂಚು ಚೊಕ್ಕ, ಆದರೆ ಗ್ಲೀಸನ್ ಅಂಕ ಇರಬೇಕಾದ ಜಾಗದಲ್ಲಿ "ಹಾರ್ಮೋನ್ ಚಿಕಿತ್ಸೆಯ ಪರಿಣಾಮ ಇರುವುದರಿಂದ ಅಂಕ ಕೊಡಲಾಗದು" ಅಂತ ಬರೆದಿದ್ದರು. ಚೊಕ್ಕ ಅನ್ನುವ ಒಂದು ಶಬ್ದ ಹಿಡಿದು ನಾನು ಊರಿಗೆಲ್ಲ ಹೋಳಿಗೆ ಹಂಚಿದೆ. ಎರಡು ವರ್ಷಕ್ಕೆ ಪಿಎಸ್‌ಎ 0.2, ಮೂರು ತಿಂಗಳು ಬಿಟ್ಟು 0.3. ಪುನಃ ಕರೆಂಟು, ಪುನಃ ಆರು ತಿಂಗಳು ಇಂಜೆಕ್ಷನ್. ಈಗ 0.01ಕ್ಕಿಂತ ಕಡಿಮೆ ಉಂಟು.

ಇಂಜೆಕ್ಷನ್ ತೆಗೆದುಕೊಂಡದ್ದು ತಪ್ಪಾಯಿತು ಅಂತ ನಾನು ಹೇಳುವುದಿಲ್ಲ. ನನಗೆ ದಾರಿ ಇರಲಿಲ್ಲ, ಅದು ಮಣ್ಣಿನ ರಾಶಿಗೆ ಹಾಕಿದ ಏಣಿ. ನಿಮ್ಮ ತಂದೆಗೆ ದಾರಿ ಉಂಟಲ್ಲ?

ಹಸಿರು ವೈದ್ಯ · ಜುಲೈ 16, ಬೆಳಿಗ್ಗೆ 5.55

ಇದೆಲ್ಲ ಕಂಪೆನಿಗಳ ವ್ಯಾಪಾರ. ಮುಳ್ಳು ರಾಮಫಲದ ಎಲೆ ಹತ್ತು, ನೀರಿನಲ್ಲಿ ಕುದಿಸಿ 41 ದಿನ ಕುಡಿಸಿ. ಕೀಮೋಗಿಂತ ಸಾವಿರಾರು ಪಟ್ಟು ಶಕ್ತಿ. ವಾಟ್ಸಾಪಿನಲ್ಲಿ ನನಗೆ ಸಂದೇಶ ಹಾಕಿದರೆ ಪುಡಿ ಕಳಿಸುತ್ತೇನೆ.

ನೀರ್ಚಾಲಿನ ನರ್ಸಕ್ಕ · ಜುಲೈ 16, ಬೆಳಿಗ್ಗೆ 6.25

ಹಣ್ಣು ರುಚಿ ಉಂಟು, ತಿನ್ನಿ. ಎಲೆಯ ಕಷಾಯ ಕುಡಿದು ಗ್ಲೀಸನ್ 8 ಕಡಿಮೆಯಾದವರನ್ನು ನಾನು ಹದಿನಾಲ್ಕು ವರ್ಷದಲ್ಲಿ ನೋಡಲಿಲ್ಲ. ಅದನ್ನು ನಂಬಿ ಎಂಟು ತಿಂಗಳು ಕಳೆದು, ಸೊಂಟದ ಎಲುಬಿಗೆ ಹೋದ ಮೇಲೆ ಸ್ಟ್ರೆಚರಿನಲ್ಲಿ ಬಂದವರನ್ನು ನೋಡಿದ್ದೇನೆ. ಯಾರಾದರೂ ಈಗಾಗಲೇ ಕುಡಿಯುತ್ತಿದ್ದರೆ ಆಪರೇಶನ್ನಿಗೆ ಮೊದಲು ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ನಿರ್ವಾಹಕ · ಜುಲೈ 16, ಬೆಳಿಗ್ಗೆ 8.00

ಪುಡಿ ಮಾರುವ ಸಂದೇಶಗಳಿಗೆ ಇಲ್ಲಿ ಜಾಗವಿಲ್ಲ. ಇನ್ನೊಮ್ಮೆ ಬಂದರೆ ಖಾತೆ ಮುಚ್ಚುತ್ತೇವೆ.

ಉಪ್ಪಳದಕ್ಕ · ಜುಲೈ 16, ಮಧ್ಯಾಹ್ನ 3.30

ಗಂಡಸರೆಲ್ಲ ಅಂಚು, ಅಂಕ ಅಂತ ಬರೆಯುತ್ತಿದ್ದೀರಿ. ಮನೆಯೊಳಗೆ ಎಂತ ಆಗ್ತದೆ ಅಂತ ಯಾರೂ ಹೇಳಲಿಲ್ಲ. ನಮ್ಮವರಿಗೆ ಕರೆಂಟಿನ ಜೊತೆಗೆ ಎರಡು ವರ್ಷ ಈ ಇಂಜೆಕ್ಷನ್ ಕೊಟ್ಟಿದ್ದರು.

ಎರಡನೇ ತಿಂಗಳಿಗೆ ಬೆವರು ಸುರುವಾಯಿತು. ಹೊರಗೆ ಜಡಿಮಳೆ, ನಾನು ಕಂಬಳಿ ಹೊದ್ದು ಮಲಗಿದ್ದೇನೆ, ಇವರು ಜಗಲಿಯಲ್ಲಿ ಬನಿಯನ್ ಕಳಚಿ ಅಡಿಕೆ ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ. ಮುಖ ಕೆಂಪು, ಕುತ್ತಿಗೆಯಲ್ಲಿ ನೀರು ಹರಿಯುತ್ತದೆ, ಐದು ನಿಮಿಷಕ್ಕೆ ಎಲ್ಲ ನಿಂತು ಚಳಿ ಅಂತಾರೆ. ನನಗೆ ಐವತ್ತರಲ್ಲಿ ಆದದ್ದೇ ಇದು. ಆಗ ಇವರು "ನಿನ್ನದು ಬರೀ ನಾಟಕ" ಅಂದಿದ್ದರು. ನಾನು ಏನೂ ಹೇಳಲಿಲ್ಲ, ಒಂದು ಚೊಂಬು ನೀರು ತಂದಿಟ್ಟೆ. ಅವರಿಗೆ ನೆನಪಾಗಿರಬೇಕು, ತಲೆ ತಗ್ಗಿಸಿದರು.

ಹೊಟ್ಟೆ ಬಂತು, ತೋಳಿನ ಮಾಂಸ ಇಳಿಯಿತು, ಶುಗರ್ ಏರಿತು. ತಾಳಮದ್ದಳೆಯಲ್ಲಿ ಕರ್ಣನ ಪ್ರಸಂಗ ಬಂದರೆ ಕಣ್ಣೊರೆಸಿಕೊಳ್ಳುತ್ತಿದ್ದರು. ಮೊದಲು ಕಲ್ಲು ಮನುಷ್ಯ. ಗಂಡಹೆಂಡಿರ ವಿಷಯ ಪೂರ್ತಿ ನಿಂತೇ ಹೋಯಿತು. ಆಸೆಯೇ ಬರುವುದಿಲ್ಲ ಅಂತ ಹೇಳಲಿಕ್ಕೆ ಅವರಿಗೆ ಒಂದು ವರ್ಷ ಬೇಕಾಯಿತು, ಅಲ್ಲಿಯವರೆಗೆ ನನ್ನ ಮೇಲೆ ಸಿಟ್ಟು ಅಂತ ನಾನು ತಿಳಿದಿದ್ದೆ. ಎಲುಬು ಸವೆಯುತ್ತದೆ ಅಂತ ಡೆಕ್ಸಾ ಸ್ಕ್ಯಾನ್ ಮಾಡಿಸಿ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟರು. ದಿನಾ ನಡೆಯಲೇಬೇಕು, ಭಾರ ಎತ್ತುವ ವ್ಯಾಯಾಮವೂ ಬೇಕು ಅಂದರು. ಜೀವ ಉಳಿಯಲಿಕ್ಕೆ ಬೇಕಿತ್ತು, ಅನುಭವಿಸಿದೆವು. ಸುಮ್ಮನೆ ಯಾರಿಗೂ ಬೇಡ.

ಕಲಿಯುವ ಡಾಕ್ಟರ · ಜುಲೈ 16, ಸಂಜೆ 5.10

ಅಕ್ಕಾ, ಪಾಠಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಇದೆ. ನೀವು ಬರೆದದ್ದು ಅದಕ್ಕಿಂತ ಚೆನ್ನಾಗಿದೆ. ಒಂದು ಮಾತು ಸೇರಿಸುತ್ತೇನೆ. ಮೂರು ತಿಂಗಳ ಇಂಜೆಕ್ಷನ್ ಅಂದರೆ ಮೂರು ತಿಂಗಳಿಗೆ ಎಲ್ಲ ಸರಿಯಾಗುತ್ತದೆ ಅಂತಲ್ಲ. ಮದ್ದಿನ ಶಕ್ತಿ ಮುಗಿದ ಮೇಲೂ ಹಾರ್ಮೋನು ಮೊದಲಿನ ಮಟ್ಟಕ್ಕೆ ಬರಲಿಕ್ಕೆ ತಿಂಗಳುಗಳು ಹಿಡಿಯುತ್ತವೆ, ವಯಸ್ಸಾದವರಲ್ಲಿ ಇನ್ನೂ ನಿಧಾನ.

ಗಲ್ಫಿನಿಂದ ಕುಂಬಳೆಯವ · ಜುಲೈ 16, ರಾತ್ರಿ 11.20

ಪೆರ್ಲ ಅಂದರೆ ಎಣ್ಮಕಜೆ ಪಂಚಾಯತು. ಎಂಡೋಸಲ್ಫಾನಿನಿಂದ ಬಂದಿರಬಹುದಾ? ಆ ದೃಷ್ಟಿಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದಲ್ಲ.

ಪೆರ್ಲದ ಅಡಿಕೆ · ಜುಲೈ 17, ಬೆಳಿಗ್ಗೆ 6.40

ಅಣ್ಣಾ, ನಮ್ಮ ಊರಿನಲ್ಲಿ ಯಾರಿಗೆ ತಲೆನೋವು ಬಂದರೂ ಮೊದಲು ನೆನಪಾಗುವುದು ಅದೇ. ಗೇರುತೋಟದ ಮೇಲೆ ಹೆಲಿಕಾಪ್ಟರ್ ಬಂದು ಮದ್ದು ಬಿಡುತ್ತಿದ್ದದ್ದು ಅಪ್ಪನಿಗೂ ನೆನಪುಂಟು. ಆದರೆ ಅಪ್ಪನ ಅಣ್ಣನಿಗೆ, ಬೊಂಬಾಯಿಯಲ್ಲಿ ಜೀವಮಾನ ಕಳೆದವರಿಗೆ, ಇದೇ ಕಾಯಿಲೆ ಇತ್ತು. ಕುಟುಂಬದಲ್ಲಿ ಬರುತ್ತದೆ ಅಂತ ಡಾಕ್ಟರು ನನಗೇ 45ಕ್ಕೆ ಪಿಎಸ್‌ಎ ಮಾಡಿಸು ಅಂದಿದ್ದಾರೆ. ಆ ಅರ್ಜಿಯ ವಿಷಯ ಈಗ ಬೇಡ.

ಇನ್ನೊಂದು ಸಂಶಯ. ನೇರ ಆಪರೇಶನ್ ಅಂತ ತೀರ್ಮಾನಿಸಿದರೂ ಐದಾರು ವಾರ ಕಾಯಬೇಕು. ಅಷ್ಟರಲ್ಲಿ ಹಬ್ಬುವುದಿಲ್ಲವಾ? ರಾತ್ರಿ ನಿದ್ದೆ ಬರುವುದಿಲ್ಲ ನನಗೆ.

ಕಲಿಯುವ ಡಾಕ್ಟರ · ಜುಲೈ 17, ಬೆಳಿಗ್ಗೆ 7.30

ಬಯಾಪ್ಸಿಯ ಸೂಜಿಗಳಿಂದ ಒಳಗೆ ಊತ, ರಕ್ತ ಇರುತ್ತದೆ, ಅದು ಇಳಿಯಲಿಕ್ಕೆ ನಾಲ್ಕರಿಂದ ಎಂಟು ವಾರ ಬಿಡುವುದು ರೂಢಿ. ಹೆಚ್ಚು ಅಪಾಯದ ಗುಂಪಿನವರಲ್ಲೂ ಮೂರು ತಿಂಗಳೊಳಗಿನ ವಿಳಂಬದಿಂದ ಫಲಿತಾಂಶ ಕೆಟ್ಟದ್ದು ಕಾಣುವುದಿಲ್ಲ. ಇದು ನಿಧಾನದ ಕಾಯಿಲೆ. ನಿದ್ದೆ ಮಾಡಿ.

ಎರಡನೆಯ ಡಾಕ್ಟರು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೃದಯಕ್ಕೆ ಹೊಸದಾಗಿ ಸ್ಟೆಂಟ್ ಹಾಕಿದ್ದರೆ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಲಾಗದು, ಆಗ ಕಾಯಬೇಕು, ಆ ಕಾಯುವ ಹೊತ್ತಿಗೆ ಇಂಜೆಕ್ಷನ್ ಕೊಡುವುದುಂಟು. ಆಪರೇಶನ್ ಥಿಯೇಟರಿನ ಸರದಿ ಐದಾರು ತಿಂಗಳು ಉದ್ದ ಇದ್ದರೂ ಕೊಡುವುದುಂಟು. ಪೂರ್ತಿ ಬೇರೆ ಯೋಚನೆಯೂ ಇರಬಹುದು: ಕವಚ ದಾಟಿದೆ ಅಂತ ಅನಿಸಿ, ಮುಂದೆ ರೇಡಿಯೇಶನ್ನಿಗೆ ಕಳಿಸುವ ಮನಸ್ಸಿದ್ದು ಇಂಜೆಕ್ಷನ್ ಸುರುಮಾಡುವುದು. ಗ್ಲೀಸನ್ 8ಕ್ಕೆ ರೇಡಿಯೇಶನ್ ಮತ್ತು ಒಂದೂವರೆಯಿಂದ ಮೂರು ವರ್ಷ ಹಾರ್ಮೋನ್ ತಡೆ ಕೂಡ ಸರಿಯಾದ ಚಿಕಿತ್ಸೆಯೇ, ಆಪರೇಶನ್ನಿಗಿಂತ ಕೀಳಲ್ಲ. ಹಾಗಾಗಿ ಹೋಗಿ ಒಂದೇ ಪ್ರಶ್ನೆ ಕೇಳಿ: "ನಮ್ಮ ಅಪ್ಪನಿಗೆ ಈ ಇಂಜೆಕ್ಷನ್ ಯಾಕೆ?" ರೇಡಿಯೇಶನ್ ಡಾಕ್ಟರನ್ನೂ ಒಮ್ಮೆ ಕಾಣಿ. ಇದು ತಾಳಮದ್ದಳೆ ಅಲ್ಲ, ಎದುರಿನವರನ್ನು ಸೋಲಿಸುವ ಹಾಗೆ ಕೇಳಬೇಡಿ.

ಬಾಯಾರು ಭಾವ · ಜುಲೈ 17, ಬೆಳಿಗ್ಗೆ 8.15

ನಾನು ಮೊದಲ ದಿನ ಹೇಳಿದ್ದನ್ನು ಹಿಂದೆ ತೆಗೊಳ್ತೇನೆ, ಅರ್ಧ. ಇಷ್ಟು ಕಲಿತವರು ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ ಅಂದರೆ ಕಾರಣ ಇಲ್ಲದೆ ಇರಲಿಕ್ಕಿಲ್ಲ.

ಪೆರ್ಲದ ಅಡಿಕೆ · ಜುಲೈ 21, ರಾತ್ರಿ 9.15

ಭಾವ, ಕಾರಣ ಇತ್ತು. ಕೇಳಿ.

ನಿನ್ನೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಎರಡನೆಯ ಡಾಕ್ಟರನ್ನು ಕಂಡೆ. ಅಪ್ಪನನ್ನು ಕರ್ಕೊಂಡು ಹೋಗಲಿಲ್ಲ. ಕಲಿಯುವ ಡಾಕ್ಟರು ಹೇಳಿಕೊಟ್ಟ ಹಾಗೆಯೇ ಕೇಳಿದೆ. ಅವರು ಫೈಲು ತಿರುವಿ ಹಾಕಿ ಕನ್ನಡಕ ತೆಗೆದರು. "ಇಂಜೆಕ್ಷನ್ ಕೊಟ್ಟರೆ ನಿಮ್ಮ ತಂದೆ ಜಾಸ್ತಿ ವರ್ಷ ಬದುಕುತ್ತಾರೆ ಅಂತ ನಾನು ಬರೆದದ್ದಲ್ಲ. ಅವರೇ ನನ್ನ ಹತ್ತಿರ ಕೈಮುಗಿದು ಕೇಳಿದರು, ನವರಾತ್ರಿವರೆಗೆ ಬಿಡಿ, ತೋಟ ಹಾಳಾಗ್ತದೆ ಅಂತ. ಮೂರು ತಿಂಗಳು ಏನೂ ಮಾಡದೆ ಬಿಡುವ ಧೈರ್ಯ ನನಗೆ ಬರಲಿಲ್ಲ" ಅಂದರು. ನಾನು ಆಗ ಕೆಳಗೆ ಬಿಲ್ಲಿನ ಕೌಂಟರಿನಲ್ಲಿ ನಿಂತಿದ್ದೆ. ಮುಂದಿನ ತಿಂಗಳು ಬರುತ್ತೇವೆ ಅಂತಾದರೆ ಇಂಜೆಕ್ಷನ್ ಬೇಡ, ಎಲ್ಲಿ ಮಾಡಿಸಿದರೂ ಸರಿ ಅಂತಲೂ ಅವರೇ ಹೇಳಿದರು.

ರೇಡಿಯೇಶನ್ ಡಾಕ್ಟರನ್ನೂ ಅಲ್ಲಿಯೇ ಕಂಡೆ. ಅವರು ಎರಡೂ ದಾರಿ ಬಿಡಿಸಿ ಹೇಳಿದರು. ಆಪರೇಶನ್ ಆದರೂ ಮುಂದೆ ಕರೆಂಟು ಬೇಕಾಗಬಹುದು, ಅದಕ್ಕೆ ತಯಾರಿರಿ ಅಂದರು. ರಾತ್ರಿ ಅಪ್ಪನ ಎದುರು ಎಲ್ಲ ಇಟ್ಟೆ, ಉಪ್ಪಳದಕ್ಕ ಬರೆದದ್ದನ್ನೂ ಓದಿ ಹೇಳಿದೆ. ಕೊನೆಯ ಭಾಗ ಓದುವಾಗ ಅಮ್ಮ ಒಳಗೆ ಹೋದಳು. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಎರಡು ವರ್ಷ ಸೂಜಿ ನನ್ನಿಂದಾಗದು, ಒಮ್ಮೆ ಕೊಯ್ದು ಬಿಸಾಡಲಿ. ಆದ್ರೆ ಮದ್ದು ಬಿಡ್ಲಿಕ್ಕೆ ಜನ ಎಲ್ಲಿದ್ದಾರೆ? ಕೊಳೆರೋಗ ಬಂದರೆ ನಿನ್ನ ಡಾಕ್ಟರು ಬಂದು ಅಡಿಕೆ ಹೆಕ್ಕುತ್ತಾನಾ?" ಅಂದರು. ಮರ ಹತ್ತುವವರು ಇಬ್ಬರಿದ್ದರು, ಒಬ್ಬ ಜಾರಿ ಬಿದ್ದು ಮನೆಯಲ್ಲಿದ್ದಾನೆ, ಇನ್ನೊಬ್ಬ ಸೆಪ್ಟೆಂಬರಿಗೆ ಬರ್ತೇನೆ ಅನ್ನುತ್ತಾನೆ. ಇಷ್ಟು ದಿನ ನಾನು ಅಪ್ಪನಿಗೆ ಆಪರೇಶನ್ ಹೆದರಿಕೆ ಅಂತ ತಿಳಿದಿದ್ದೆ.

ಮೊದಲ ಡಾಕ್ಟರ ಹತ್ತಿರ ಆಗಸ್ಟ್ 6ಕ್ಕೆ ದಿನ ಸಿಕ್ಕಿದೆ. ವಿಮೆಯ ಅರ್ಜಿ ಮಲಯಾಳದಲ್ಲಿ ಉಂಟು, ನಾಳೆ ಪಕ್ಕದ ಮನೆಯ ಹುಡುಗಿಯ ಹತ್ತಿರ ಓದಿಸಬೇಕು.

ಗಡಿ ಮಾಸ್ತರ · ಜುಲೈ 21, ರಾತ್ರಿ 9.40

ಅರ್ಜಿಯ ಫೋಟೋ ನನಗೆ ಕಳಿಸಿ, ನಾನು ತುಂಬಿಸಿಕೊಡುತ್ತೇನೆ. ಮಂಗಳೂರಿನ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೇರಳದ ಕಾರ್ಡು ನಡೆಯುತ್ತದಾ ಅಂತ ದಾಖಲಾಗುವ ಮೊದಲೇ ಬಾಯಿಬಿಟ್ಟು ಕೇಳಿ. ಆಮೇಲೆ ಕೇಳಿದರೆ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ.

ನೀರ್ಚಾಲಿನ ನರ್ಸಕ್ಕ · ಜುಲೈ 22, ಬೆಳಿಗ್ಗೆ 6.10

ಒಳ್ಳೆಯದಾಯಿತು. ಇವತ್ತಿನಿಂದಲೇ ಕೆಗೆಲ್ ವ್ಯಾಯಾಮ ಸುರುಮಾಡಿಸಿ, ಮೂತ್ರ ಅರ್ಧದಲ್ಲಿ ತಡೆಯುವ ಹಾಗೆ ಬಿಗಿ ಹಿಡಿದು ಬಿಡುವುದು, ದಿನಕ್ಕೆ ಮೂರು ಹೊತ್ತು. ಆಪರೇಶನ್ ಆದ ಮೇಲೆ ಕಲಿಯುವುದಕ್ಕಿಂತ ಮೊದಲೇ ಕಲಿತರೆ ಸೋರುವುದು ಬೇಗ ನಿಲ್ಲುತ್ತದೆ. ಒಂದರಿಂದ ಎರಡು ವಾರ ಕ್ಯಾತಿಟರ್ ಇರುತ್ತದೆ, ಪ್ಯಾಂಟು ಬೇಡ, ನಾಲ್ಕು ಹಳೆಯ ಪಂಚೆ ತನ್ನಿ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗಬಾರದು. ಬರುವಾಗ ಬಸ್ಸು ಬೇಡ, ಕಾರು ಮಾಡಿ. ಮೊದಲ ಪಿಎಸ್‌ಎ ಆರು ವಾರಕ್ಕೆ.

ಪೆರ್ಲದ ಅಡಿಕೆ · ಜುಲೈ 22, ಬೆಳಿಗ್ಗೆ 6.50

ಅಕ್ಕಾ, ಅಪ್ಪ ಪಕ್ಕದಲ್ಲೇ ಕೂತು ಕೇಳುತ್ತಿದ್ದಾರೆ. ಚೀಲ ಹಿಡ್ಕೊಂಡು ತೋಟದ ತಡಮೆಯವರೆಗಾದರೂ ಹೋಗಬಹುದಾ ಅಂತ.

ನೀರ್ಚಾಲಿನ ನರ್ಸಕ್ಕ · ಜುಲೈ 22, ಬೆಳಿಗ್ಗೆ 6.55

ತಡಮೆಯವರೆಗೆ ಹೋಗಲಿ. ದಾಟುವುದು ಬೇಡ.

ಬಾಯಾರು ಭಾವ · ಜುಲೈ 22, ಬೆಳಿಗ್ಗೆ 7.30

ನಮ್ಮದು ನಿನ್ನೆ ಮದ್ದು ಬಿಟ್ಟು ಮುಗಿಯಿತು. ಇಬ್ಬರು ಹತ್ತುವವರು ಇದ್ದಾರೆ, ದೋಟಿಯಿಂದ ಬಿಡುವವ ಒಬ್ಬ. ಶುಕ್ರವಾರ ಮಳೆ ಬಿಟ್ಟರೆ ಪೆರ್ಲಕ್ಕೆ ಕಳಿಸ್ತೇನೆ, ಜೀಪು ನಮ್ಮದೇ. ನೂರು ಲೀಟರಿಗೆ ಒಂದು ಕೆಜಿ ಲೆಕ್ಕದಲ್ಲಿ ಮೈಲುತುತ್ತು, ಅಷ್ಟೇ ಸುಣ್ಣ ತಂದಿಡಿ. ಡ್ರಮ್ಮು ಪ್ಲಾಸ್ಟಿಕ್ಕಿನದ್ದೇ ಇರಲಿ. ಎಷ್ಟು ಮರ ಉಂಟು?